ಸಾಕ್ಷಿ ಹೇಳುವ ಕ್ಯಾಮೆರಾ

ಬ್ರೆಜಿಲ್‌ನ ರೊಂಡೋನಿಯಾ ರಾಜ್ಯದಲ್ಲಿ 2019ರ ಕೊನೆಗೆ ಒಂದಷ್ಟು ಹುಡುಗರು ಡ್ರೋನ್ ಹಾರಿಸುವುದನ್ನು ಕಲಿತರು. ಉರು-ಎವ್-ವಾವ್-ವಾವ್ ಎಂಬ ಬುಡಕಟ್ಟಿನವರು. ಕಲಿತ ಕೆಲವೇ ದಿನಗಳಲ್ಲಿ, ತಮ್ಮ ಮೀಸಲು ಕಾಡಿನೊಳಗೆ 1.4 ಹೆಕ್ಟೇರ್, ಅಂದರೆ ಸುಮಾರು ಮೂರೂವರೆ ಎಕರೆ ಜಾಗ ಬೋಳಾಗಿರುವುದು ಪರದೆಯ ಮೇಲೆ ಕಾಣಿಸಿತು. ಕೆಲ ದಿನ ಬಿಟ್ಟು ಅದೇ ಜಾಗಕ್ಕೆ ಮತ್ತೆ ಡ್ರೋನ್ ಕಳಿಸಿದರು. ಈ ಸಲ ಅಲ್ಲೊಂದು ಹೆಲಿಕಾಪ್ಟರ್ ಹಾರಾಡುತ್ತಿತ್ತು. ಮೇಲಿಂದ ಹುಲ್ಲಿನ ಬೀಜ ಎರಚುತ್ತಿತ್ತು.

ಮರ ಕಡಿಯುವವರಿಗೆ ಹುಲ್ಲಿನ ಬೀಜ ಯಾಕೆ? ಅಮೆಜಾನ್ ಕಾಡು ಕರಗುವ ಗುಟ್ಟೆಲ್ಲ ಈ ಪ್ರಶ್ನೆಯಲ್ಲೇ ಇದೆ. ಮೊದಲು ಬೆಲೆಬಾಳುವ ಮರಗಳನ್ನಷ್ಟೇ ಕಡಿದು ಸಾಗಿಸುತ್ತಾರೆ. ಆಮೇಲೆ ಉಳಿದದ್ದನ್ನೆಲ್ಲ ಉರುಳಿಸಿ ಒಣಗಲು ಬಿಡುತ್ತಾರೆ. ಮಳೆ ನಿಂತ ತಿಂಗಳುಗಳಲ್ಲಿ ಬೆಂಕಿ ಇಟ್ಟು, ಬೂದಿಯ ಮೇಲೆ ಆಫ್ರಿಕಾ ಮೂಲದ ಮೇವಿನ ಹುಲ್ಲು ಬಿತ್ತುತ್ತಾರೆ. ಹುಲ್ಲು ಎದ್ದರೆ ದನ ಬರುತ್ತದೆ, ದನ ಬಂದರೆ ಬೇಲಿ, ಬೇಲಿಯ ಹಿಂದೆಯೇ ಕಾಗದಪತ್ರ. ಬ್ರೆಜಿಲ್‌ನಲ್ಲಿ ಗ್ರಾಮೀಣ ಜಮೀನಿಗೊಂದು ಪರಿಸರ ನೋಂದಣಿ ಇದೆ. ಅದರಲ್ಲಿ ಜಮೀನಿನ ಗಡಿಯನ್ನು ಅರ್ಜಿದಾರನೇ ಗುರುತಿಸಿ ಘೋಷಿಸಿಕೊಳ್ಳುತ್ತಾನೆ. ಅದು ಹಕ್ಕುಪತ್ರವಲ್ಲ. ಆದರೂ ಮುಂದೊಂದು ದಿನ ಸರ್ಕಾರ ಸಕ್ರಮ ಮಾಡೀತೆಂಬ ಆಸೆಗೆ ಅಷ್ಟು ಸಾಕು. ಬಗರ್ ಹುಕುಂ ಅರ್ಜಿಗಳ ಕಥೆ ಬಲ್ಲ ಕನ್ನಡಿಗರಿಗೆ ಈ ಆಸೆಯ ಬಲ ಎಷ್ಟೆಂದು ವಿವರಿಸಬೇಕಿಲ್ಲ. ವ್ಯತ್ಯಾಸ ಇಷ್ಟೇ: ಹೆಲಿಕಾಪ್ಟರ್ ಬಾಡಿಗೆಗೆ ತರುವವನು ಗೇಣು ಭೂಮಿಗಾಗಿ ಅಲೆಯುವ ಬಡ ರೈತನಲ್ಲ.

ಹುಡುಗರ ವಿಡಿಯೊದ ಬೆಲೆ ಇರುವುದೂ ಇಲ್ಲಿಯೇ. 'ನಮ್ಮ ಕಾಡಿಗೆ ಕಳ್ಳರು ನುಗ್ಗಿದ್ದಾರೆ' ಎಂಬ ಬಾಯಿಮಾತಿನ ದೂರಿಗೆ ಕಚೇರಿಗಳಲ್ಲಿ ಎಲ್ಲ ದೇಶದಲ್ಲೂ ಒಂದೇ ಗತಿ. ಜಾಗದ ಅಕ್ಷಾಂಶ-ರೇಖಾಂಶ, ದಿನಾಂಕ, ಚಿತ್ರ ಮೂರೂ ಇರುವ ದೂರನ್ನು ಅಷ್ಟು ಸುಲಭವಾಗಿ ಕಡತದಡಿ ತಳ್ಳಲಾಗದು. ಕಾಡಿನ ಯುವಕರು ಕ್ಯಾಮೆರಾ ಹಿಡಿದರು ಎಂದಾಗ ಪೇಟೆಯವರ ಕಣ್ಣ ಮುಂದೆ ಬರುವುದು ಗರಿಯ ಕಿರೀಟ, ಬಣ್ಣ ಬಳಿದ ಮುಖ, ಲಕ್ಷಾಂತರ ಲೈಕುಗಳು. ಅದೆಲ್ಲ ಇಲ್ಲವೆಂದಲ್ಲ. ಆದರೆ ಅಮೆಜಾನಿನಲ್ಲಿ ಕ್ಯಾಮೆರಾದ ಮೊದಲ ಕೆಲಸ ಪಂಚನಾಮೆ, ಪ್ರಚಾರ ಆಮೇಲಿನದು.

ಈ ಬುಡಕಟ್ಟಿನವರು ತಮ್ಮನ್ನು ಕರೆದುಕೊಳ್ಳುವುದು ಜುಪಾವ್ ಎಂದು. ಹೊರಜಗತ್ತಿನೊಂದಿಗೆ ಇವರ ಅಧಿಕೃತ ಸಂಪರ್ಕವಾದದ್ದು 1981ರಲ್ಲಿ. ಅಂದರೆ ಇಂದಿನ ಹಿರಿಯರು ಸಂಪರ್ಕಕ್ಕೆ ಮುಂಚಿನ ಬದುಕನ್ನು ಕಣ್ಣಾರೆ ಕಂಡವರು. ಅವರ ಮೊಮ್ಮಕ್ಕಳು ಡ್ರೋನ್ ಹಾರಿಸುವವರು. ಸಂಪರ್ಕದ ಬೆನ್ನಿಗೇ ಸೋಂಕುಗಳು ಬಂದು ಬಹಳ ಜನ ಸತ್ತರು. ಅದೇ ದಶಕದಲ್ಲಿ ಬಿಆರ್-364 ಹೆದ್ದಾರಿಗೆ ವಿಶ್ವಬ್ಯಾಂಕ್ ನೆರವಿನಿಂದ ಡಾಂಬರು ಬಿತ್ತು, ದಕ್ಷಿಣ ಬ್ರೆಜಿಲ್‌ನಿಂದ ಜಮೀನು ಹುಡುಕುತ್ತ ಜನ ಲಾರಿ ಲಾರಿಗಳಲ್ಲಿ ಬಂದಿಳಿದರು. 1991ರಲ್ಲಿ ಸುಮಾರು 18.67 ಲಕ್ಷ ಹೆಕ್ಟೇರ್ ಕಾಡು ಅಧಿಕೃತವಾಗಿ ಇವರದೆಂದು ಘೋಷಣೆಯಾಯಿತು. ನಾಲ್ಕೂವರೆ ಕೊಡಗು ಜಿಲ್ಲೆಗಳಷ್ಟು ಕಾಡು, ಕಾಯಲು ಇನ್ನೂರರ ಆಸುಪಾಸಿನ ಜುಪಾವ್ ಜನ. ಇದೇ ಗಡಿಯೊಳಗೆ ಹೊರಗಿನವರ ಸಂಪರ್ಕವೇ ಬೇಡವೆಂದು ದೂರವಿರುವ ಗುಂಪುಗಳೂ ಇವೆ. ಉಪಗ್ರಹ ಚಿತ್ರದಲ್ಲಿ ಈ ಪ್ರದೇಶ ಹಸಿರು ತುಂಡಿನಂತೆ ಕಾಣುತ್ತದೆ, ಸುತ್ತಲೂ ಬಿಳಿಚಿದ ಹುಲ್ಲುಗಾವಲು.

ಹೀಗೆ ಹಸಿರು ಉಳಿದಿರುವುದು ಇದೊಂದೇ ಕಡೆಯ ವಿಶೇಷವಲ್ಲ. ಬ್ರೆಜಿಲ್‌ನ ಮ್ಯಾಪ್‌ಬಯೋಮಾಸ್ ಜಾಲ ಉಪಗ್ರಹ ಚಿತ್ರಗಳಿಂದ ಲೆಕ್ಕ ಹಾಕಿದಂತೆ 1990ರಿಂದ 2020ರವರೆಗಿನ ಮೂವತ್ತು ವರ್ಷಗಳಲ್ಲಿ ಮೂಲನಿವಾಸಿಗಳ ನೆಲದಲ್ಲಿ ಕಳೆದುಹೋದ ಸಹಜ ಸಸ್ಯವರ್ಗ ಶೇ. 1ರಷ್ಟು ಮಾತ್ರ. ಖಾಸಗಿ ಜಮೀನುಗಳಲ್ಲಿ ಅದು ಶೇ. 20ಕ್ಕೂ ಹೆಚ್ಚು.

ಜುಪಾವ್ ಯುವಕರ ಮುಂದಾಳು ಬಿತಾತೆ. ಇಪ್ಪತ್ತರ ಹರೆಯದಲ್ಲೇ ಹಿರಿಯರು ಬುಡಕಟ್ಟಿನ ಸಂಘದ ಹೊಣೆಯನ್ನು ಅವನಿಗೆ ವಹಿಸಿದರು. ಪೋರ್ಚುಗೀಸ್ ಬಲ್ಲ, ಪೇಟೆಯ ಕಚೇರಿಗಳ ನಡೆ ತಿಳಿದ, ಕಾಡೂ ಗೊತ್ತಿರುವ ಹುಡುಗ. ಡ್ರೋನ್ ತರಬೇತಿ ಕೊಟ್ಟವರು ಡಬ್ಲ್ಯುಡಬ್ಲ್ಯುಎಫ್ ಮತ್ತು ಕನಿಂದೆ ಎಂಬ ಸ್ಥಳೀಯ ಸಂಸ್ಥೆ. ಕನಿಂದೆಯ ನೈದಿನ್ಯಾ ಬಂದೇರಾ ಬುಡಕಟ್ಟಿನವರಲ್ಲ. ಆದರೂ ದಶಕಗಳಿಂದ ಈ ಕಾಡಿನ ಪರವಾಗಿ ಜಗಳವಾಡುತ್ತ, ಅದಕ್ಕಾಗಿ ಕೊಲೆ ಬೆದರಿಕೆಗಳನ್ನು ಎದುರಿಸುತ್ತ ಬಂದವರು. ಸಾಮಾನ್ಯವಾಗಿ ಒತ್ತುವರಿದಾರರ ಕೈಯಲ್ಲಿ ಬಂದೂಕಿರುತ್ತದೆ. ಅವರು ಮರ ಕಡಿಯುವ ಸದ್ದು ಕೇಳಿದೊಡನೆ ಅಲ್ಲಿಗೆ ನಡೆದು ಹೋಗುವುದು ಜೀವದ ಜತೆ ಆಟ. ಡ್ರೋನ್ ಇದ್ದರೆ ಮೊದಲು ದೂರದಿಂದ ನೋಡಬಹುದು. ದಿನಗಟ್ಟಲೆ ನಡೆಯಬೇಕಿದ್ದ ದಾರಿಯೂ ಉಳಿಯುತ್ತದೆ.

ಅಪಾಯ ಮಾತ್ರ ಕಾಡಿನೊಳಗೇ ಕುಳಿತಿರುವುದಿಲ್ಲ. 2020ರ ಏಪ್ರಿಲ್‌ನಲ್ಲಿ ಆರಿ ಉರು-ಎವ್-ವಾವ್-ವಾವ್ ಎಂಬಾತನ ಶವ ಜಾರು ಪಟ್ಟಣದ ಸೀಮೆಯಲ್ಲಿ ರಸ್ತೆ ಬದಿ ಸಿಕ್ಕಿತು. ಆತ ಮಕ್ಕಳಿಗೆ ಪಾಠ ಹೇಳುತ್ತಿದ್ದ ಮೇಷ್ಟ್ರು, ಜತೆಗೆ ಗಸ್ತು ತಂಡದವನು. ಅಕ್ರಮ ಕಡಿತದ ಜಾಗಗಳನ್ನು ದಾಖಲಿಸಿ ದೂರು ಕೊಡುತ್ತಿದ್ದ. ನಾಲ್ಕು ವರ್ಷಗಳ ನಂತರ, 2024ರ ಏಪ್ರಿಲ್‌ನಲ್ಲಿ, ಒಬ್ಬನಿಗೆ 18 ವರ್ಷ ಶಿಕ್ಷೆಯಾಯಿತು. ಕೊಲೆಯ ಹಿಂದೆ ಕಾಡಿನ ವೈರವೇ ಇತ್ತೆಂಬುದು ಆರಿಯ ಕಡೆಯವರ ನಂಬಿಕೆ.

ಆರಿ ಸತ್ತ ಹೊತ್ತಿಗೆ ಕೋವಿಡ್ ಹರಡತೊಡಗಿತ್ತು. ಸೋಂಕಿನಿಂದ ಅರ್ಧ ಕುಲವನ್ನೇ ಕಳೆದುಕೊಂಡ ನೆನಪಿರುವ ಜನ ಊರಿನ ದಾರಿ ಮುಚ್ಚಿದರು. ಆಗ ಅಲ್ಲೊಂದು ಸಾಕ್ಷ್ಯಚಿತ್ರದ ಕೆಲಸ ನಡೆದಿತ್ತು. ಅಮೆರಿಕದ ಅಲೆಕ್ಸ್ ಪ್ರಿಟ್ಜ್ ನಿರ್ದೇಶಕ. ಚಿತ್ರತಂಡ ಒಳಗೆ ಬರುವಂತಿಲ್ಲ. ಬೇರೆ ಕಡೆಯಾಗಿದ್ದರೆ ಚಿತ್ರವೇ ನಿಂತುಹೋಗುತ್ತಿತ್ತು. ಇಲ್ಲಿ ಕ್ಯಾಮೆರಾಗಳು, ಧ್ವನಿ ಉಪಕರಣಗಳು ಸೋಂಕು ತಗಲದ ಎಚ್ಚರಿಕೆಯಲ್ಲಿ ಒಳಗೆ ಹೋದವು, ಚಿತ್ರತಂಡ ಹೊರಗುಳಿಯಿತು. ಉಳಿದ ಭಾಗವನ್ನು ಜುಪಾವ್ ಯುವಕರೇ ಚಿತ್ರಿಸಿದರು. ಗಸ್ತು ತಂಡ ಒತ್ತುವರಿದಾರರ ಗುಡಿಸಲಿಗೆ ನುಗ್ಗುವ, ಕಳ್ಳರನ್ನು ಹಿಡಿಯುವ ದೃಶ್ಯಗಳು ಹಾಗೆ ಬಂದವು. ಓಡುವಾಗ ಕ್ಯಾಮೆರಾ ಕುಲುಕುತ್ತದೆ, ಉಸಿರಾಟ ಕೇಳಿಸುತ್ತದೆ. ಹೊರಗಿನ ಯಾವ ಛಾಯಾಗ್ರಾಹಕನೂ ಆ ಗುಂಪಿನ ನಡುವೆ ಆ ವೇಗದಲ್ಲಿ ಓಡಲಾರ. ಛಾಯಾಗ್ರಹಣದ ಹೆಸರಿನಲ್ಲಿ ಪ್ರಿಟ್ಜ್ ಜತೆ ತಂಗಾಯಿ ಉರು-ಎವ್-ವಾವ್-ವಾವ್ ಹೆಸರೂ ಇದೆ. ಜುಪಾವ್ ಸಂಘ ಚಿತ್ರದ ಸಹ ನಿರ್ಮಾಪಕ.

'ದಿ ಟೆರಿಟರಿ' ಎಂಬ ಆ ಚಿತ್ರ 2022ರ ಜನವರಿಯಲ್ಲಿ ಸನ್‌ಡ್ಯಾನ್ಸ್ ಉತ್ಸವದಲ್ಲಿ ಪ್ರೇಕ್ಷಕರ ಪ್ರಶಸ್ತಿಯನ್ನೂ ಚಿತ್ರಕುಶಲತೆಗಾಗಿ ತೀರ್ಪುಗಾರರ ವಿಶೇಷ ಪ್ರಶಸ್ತಿಯನ್ನೂ ಗೆದ್ದಿತು. ಎರಡು ವರ್ಷಗಳ ನಂತರ ಎಮ್ಮಿ ಪ್ರಶಸ್ತಿಯೂ ಬಂತು. ಚಿತ್ರದಲ್ಲಿ ಮೆಚ್ಚಬೇಕಾದ್ದು ಇನ್ನೊಂದಿದೆ: ಅದು ಒತ್ತುವರಿದಾರರನ್ನು ಬರೀ ಖಳರನ್ನಾಗಿ ತೋರಿಸುವುದಿಲ್ಲ. ಜೀವನವಿಡೀ ಬೇರೆಯವರ ಜಮೀನಿನಲ್ಲಿ ದುಡಿದು, ಒಂದು ತುಂಡು ಸ್ವಂತ ನೆಲಕ್ಕಾಗಿ ಸಂಘ ಕಟ್ಟಿಕೊಂಡು ಕಾಯುವ ಬಡವನೂ ಅಲ್ಲಿದ್ದಾನೆ. ಅವನ ಆಸೆಯನ್ನು ಬಳಸಿಕೊಂಡು ದೊಡ್ಡವರು ಹೇಗೆ ಕಾಡಿಗೆ ಕೈ ಹಾಕುತ್ತಾರೆಂಬುದು ಅವನನ್ನು ನೋಡಿದ ಮೇಲೆಯೇ ಅರ್ಥವಾಗುತ್ತದೆ.

ಅಮೆಜಾನಿನಲ್ಲಿ ಕ್ಯಾಮೆರಾ ಹಿಡಿಯುವುದು ಹೊಸ ತಲೆಮಾರಿನ ಆವಿಷ್ಕಾರವೇನಲ್ಲ. 1980ರ ದಶಕದಲ್ಲೇ ಕಯಾಪೊ ಜನ ವಿಡಿಯೊ ಕ್ಯಾಮೆರಾ ಹಿಡಿದಿದ್ದರು. ಅಧಿಕಾರಿಗಳ ಜತೆ ಮಾತುಕತೆಗೆ ಹೋದಾಗಲೆಲ್ಲ ಅವರು ಕೊಟ್ಟ ಮಾತನ್ನು ಚಿತ್ರಿಸಿಟ್ಟುಕೊಳ್ಳುತ್ತಿದ್ದರು. ನಾಳೆ 'ನಾನೆಲ್ಲಿ ಹಾಗೆ ಹೇಳಿದೆ' ಎನ್ನಬಾರದಲ್ಲ! 1989ರ ಫೆಬ್ರುವರಿಯಲ್ಲಿ ಶಿಂಗು ನದಿಯ ಅಣೆಕಟ್ಟೆ ವಿರೋಧಿಸಿ ಅಲ್ತಾಮೀರಾ ಪಟ್ಟಣದಲ್ಲಿ ದೊಡ್ಡ ಸಮಾವೇಶ ನಡೆಯಿತು. ತುಯೀರಾ ಎಂಬ ಕಯಾಪೊ ಯುವತಿ ವಿದ್ಯುತ್ ಕಂಪನಿಯ ಎಂಜಿನಿಯರ್‌ನ ಕೆನ್ನೆಗೆ ಮಚ್ಚಿನ ಅಲಗು ತಾಗಿಸಿದ ಚಿತ್ರ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಬಂತು. ವಿಶ್ವಬ್ಯಾಂಕ್ ಸಾಲ ಸಿಗಲಿಲ್ಲ, ಯೋಜನೆ ಮೂಲೆಗೆ ಸರಿಯಿತು. ಗೆದ್ದೆವು ಎಂದುಕೊಂಡವರಿಗೆ ಮುಂದೆ ಅದೇ ಯೋಜನೆ ಬೆಲೊ ಮೊಂಚಿ ಎಂಬ ಹೆಸರಿನಲ್ಲಿ, ಬದಲಾದ ನಕ್ಷೆಯೊಂದಿಗೆ ಎದುರಾಯಿತು. 2016ರಲ್ಲಿ ಅದರ ಟರ್ಬೈನುಗಳು ತಿರುಗತೊಡಗಿದವು.

ಅದೇ ಕಾಲದ ಇನ್ನೊಂದು ಪ್ರಸಂಗ ಕಾಡಿಗಿಂತ ಹೆಚ್ಚಾಗಿ ಸಂಸ್ಕೃತಿಗೆ ಸಂಬಂಧಿಸಿದ್ದು. ವಿನ್ಸೆಂಟ್ ಕರೇಲಿ ಎಂಬ ಸಾಕ್ಷ್ಯಚಿತ್ರಕಾರ 1986ರಲ್ಲಿ 'ಹಳ್ಳಿಗಳಲ್ಲಿ ವಿಡಿಯೊ' ಎಂಬ ಯೋಜನೆ ಶುರುಮಾಡಿ ನಂಬಿಕ್ವಾರಾ ಜನರ ಬಳಿ ಹೋದರು. ಹುಡುಗಿ ಮೈನೆರೆದಾಗ ಮಾಡುವ ಆಚರಣೆಯನ್ನು ಚಿತ್ರಿಸಿ ಅಲ್ಲೇ ಟಿವಿಯಲ್ಲಿ ತೋರಿಸಿದರು. ಜನಕ್ಕೆ ಬೇಸರವಾಯಿತು: ಇಷ್ಟೊಂದು ಬಟ್ಟೆ ತೊಟ್ಟಿದ್ದೇವಲ್ಲ, ಇದೇನು ನಮ್ಮ ಹಬ್ಬವೇ? ಮುಂದಿನ ಆಚರಣೆಯನ್ನು ಹಳೆಯ ಕ್ರಮದಲ್ಲಿ, ಮೈಗೆ ಬಣ್ಣ ಬಳಿದು ನಡೆಸಿದರು. ಅದನ್ನೂ ನೋಡಿದ ಮೇಲೆ ಇಪ್ಪತ್ತಕ್ಕೂ ಹೆಚ್ಚು ವರ್ಷಗಳಿಂದ ಬಿಟ್ಟೇಹೋಗಿದ್ದ ಮೂಗು, ತುಟಿ ಚುಚ್ಚುವ ಪದ್ಧತಿಯನ್ನು ಯುವಕರಿಗೆ ಕ್ಯಾಮೆರಾದ ಎದುರೇ ಮತ್ತೆ ಮಾಡಿದರು. ಮುಂದೆ ಈ ಯೋಜನೆ ಬುಡಕಟ್ಟಿನವರಿಗೇ ಚಿತ್ರ ತೆಗೆಯುವ, ಸಂಕಲನ ಮಾಡುವ ತರಬೇತಿ ಕೊಡುವ ಶಾಲೆಯಂತಾಯಿತು. ತಮ್ಮ ಮುಖವನ್ನು ತಾವೇ ಪರದೆಯಲ್ಲಿ ನೋಡಿದ್ದರಿಂದ ಹೀಗೊಂದು ತಿರುವು ಬಂದೀತೆಂದು ಕರೇಲಿಯೂ ಎಣಿಸಿರಲಿಕ್ಕಿಲ್ಲ.

ರೊಂಡೋನಿಯಾದ ಮತ್ತೊಂದು ಬುಡಕಟ್ಟು ಪೈತೇರ್ ಸುರೂಯಿ. ಇವರ ಮುಖ್ಯಸ್ಥ ಅಲ್ಮೀರ್ ಸುರೂಯಿ 2007ರಲ್ಲಿ ಕ್ಯಾಲಿಫೋರ್ನಿಯಾದ ಗೂಗಲ್ ಕಚೇರಿಗೆ ಹೋಗಿ, ಗೂಗಲ್ ಅರ್ತ್‌ನಲ್ಲಿ ತಮ್ಮ ಕಾಡು ಕಾಣುತ್ತದೆ, ಅದರಲ್ಲಿರುವ ತಾವೇಕೆ ಕಾಣುವುದಿಲ್ಲ ಎಂಬ ಧಾಟಿಯಲ್ಲಿ ಸಹಾಯ ಕೇಳಿದರು. ಮರುವರ್ಷ ಗೂಗಲ್ ತಂಡ ಬಂದು ತರಬೇತಿ ಕೊಟ್ಟಿತು. ಹುಡುಗರು ಫೋನ್ ಹಿಡಿದು ಹಿರಿಯರೊಂದಿಗೆ ತಿರುಗಿದರು. ಹಳೆಯ ಊರುಗಳು, ಕಾದಾಟ ನಡೆದ ಜಾಗಗಳು, ಬಿಲ್ಲಿಗೆ ಬೇಕಾದ ಮರ ಸಿಗುವ ತಾಣಗಳು ನಕ್ಷೆಯಲ್ಲಿ ಸೇರಿದವು.

ಇದೇ ಬಗೆಯ ಕೆಲಸ ನಮ್ಮ ಬಿಳಿಗಿರಿರಂಗನ ಬೆಟ್ಟದಲ್ಲೂ ಆಗಿದೆ. ಏಟ್ರೀ ಸಂಸ್ಥೆಯ ಸಂಶೋಧಕರು ಮತ್ತು ಸೋಲಿಗರು ಸೇರಿ, ಸೋಲಿಗರ ಕುಲಗಳ ಎಲ್ಲೆಗಳಲ್ಲಿರುವ ದೇವರು, ವೀರು, ಕಲ್ಲುಗುಡಿ, ಅಬ್ಬಿಯಂಥ ನೂರಾರು ಪವಿತ್ರ ತಾಣಗಳನ್ನು ಜಿಪಿಎಸ್ ಹಿಡಿದು ಗುರುತಿಸಿದರು. 2011ರಲ್ಲಿ ಸೋಲಿಗರಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು. ಹುಲಿ ಸಂರಕ್ಷಿತ ಪ್ರದೇಶದೊಳಗೆ ಅಂಥ ಹಕ್ಕು ಸಿಕ್ಕಿದ್ದು ದೇಶದಲ್ಲೇ ಅದು ಮೊದಲು.

ಸುರೂಯಿಗಳ ಕಥೆ ಅಷ್ಟಕ್ಕೇ ಮುಗಿದಿದ್ದರೆ ಚೆಂದವಿತ್ತು. ಕಾಡು ಉಳಿಸಿದ್ದಕ್ಕೆ ಪ್ರತಿಯಾಗಿ ಹಣ ಪಡೆಯುವ ಕಾರ್ಬನ್ ಯೋಜನೆಯನ್ನು ಅವರು ಶುರುಮಾಡಿದರು. 2013ರಲ್ಲಿ ನತೂರಾ ಎಂಬ ಪ್ರಸಾಧನ ಕಂಪನಿ 1.2 ಲಕ್ಷ ಟನ್ ಲೆಕ್ಕದ ಮೊದಲ ಕಂತು ಕೊಂಡಿತು. ಆದರೆ ಅಕ್ರಮ ಮರ ಸಾಗಣೆಯ ಜತೆ ಗಣಿಗಾರಿಕೆಯೂ ಹೆಚ್ಚಿ, ಕಾಡು ಕರಗುವ ಪ್ರಮಾಣ ಮಿತಿ ಮೀರಿದ್ದರಿಂದ 2018ರಲ್ಲಿ ಯೋಜನೆ ನಿಂತಿತು. ಬುಡಕಟ್ಟಿನೊಳಗೂ ಅದರ ಬಗ್ಗೆ ಒಡಕಿತ್ತು. ನಕ್ಷೆ ಎಷ್ಟೇ ನಿಖರವಾಗಿರಲಿ, ಅದರ ಮೇಲೆ ಕ್ರಮ ಕೈಗೊಳ್ಳುವ ಪೊಲೀಸ್, ಕೋರ್ಟು, ಅರಣ್ಯ ಇಲಾಖೆ ಕೈಕಟ್ಟಿ ಕೂತರೆ ನಕ್ಷೆ ಏನು ಮಾಡೀತು?

ಅಲ್ಮೀರ್ ಮತ್ತು ನೈದಿನ್ಯಾ ಅವರ ಮಗಳು ಚಾಯ್ ಸುರೂಯಿ. 1997ರಲ್ಲಿ ಹುಟ್ಟಿದವಳು, ಕಾನೂನು ಓದಿದವಳು, ರೊಂಡೋನಿಯಾದ ಮೂಲನಿವಾಸಿ ಯುವಜನರ ಚಳವಳಿ ಕಟ್ಟಿದವಳು. 2021ರ ನವೆಂಬರ್ 1ರಂದು ಗ್ಲಾಸ್ಗೋದ ಹವಾಮಾನ ಶೃಂಗಸಭೆಯ ಉದ್ಘಾಟನೆಯಲ್ಲಿ ದೇಶದೇಶಗಳ ಮುಖ್ಯಸ್ಥರ ಎದುರು ಎರಡು ನಿಮಿಷದಷ್ಟು ಮಾತಾಡಿದಳು. ಕೊಲೆಯಾದ ಆರಿ ತನ್ನ ಬಾಲ್ಯದ ಗೆಳೆಯನೆಂದು ಹೆಸರು ಹಿಡಿದು ಹೇಳಿದಳು. ಆಗಿನ ಅಧ್ಯಕ್ಷ ಬೊಲ್ಸೊನಾರೊ ಶೃಂಗಸಭೆಗೆ ಹೋಗಿರಲಿಲ್ಲ. ಬ್ರೆಜಿಲ್ ಮೇಲೆ ದಾಳಿ ಮಾಡಲು ಆಕೆಯನ್ನು ಕರೆದೊಯ್ದಿದ್ದಾರೆಂದು ಊರಲ್ಲಿ ಕುಳಿತೇ ಮೂದಲಿಸಿದರು. ಅವಳ ಫೋನಿಗೆ ಬೈಗುಳ, ಬೆದರಿಕೆಗಳು ಹರಿದು ಬಂದವು. ಜಗತ್ತು ಕೇಳಿಸಿಕೊಂಡ ಮಾತಿಗೆ ಸ್ವಂತ ನಾಡಿನಲ್ಲಿ ಬೆಲೆ ತೆರಬೇಕಾಗುವುದು ಈ ಹಾದಿ ಹಿಡಿದ ಬಹುತೇಕ ಎಲ್ಲರ ಅನುಭವ.

ಗ್ಲಾಸ್ಗೋ, ಸನ್‌ಡ್ಯಾನ್ಸ್‌ಗಳ ಬೆಳಕು ಬೀಳದ ಕೆಲಸವೊಂದು ಬ್ರೆಜಿಲ್‌ನ ವಾಯವ್ಯ ಮೂಲೆಯ ರಿಯೊ ನೆಗ್ರೊ ನದಿಯ ಸೀಮೆಯಲ್ಲಿ ನಡೆಯುತ್ತಿದೆ. ಇಡೀ ಕಥೆಯಲ್ಲಿ ಹೆಚ್ಚು ಬಾಳಿಕೆ ಬರುವುದು ಬಹುಶಃ ಅದೇ. ಸಾವ್ ಗೇಬ್ರಿಯಲ್ ಪಟ್ಟಣ ಆ ಸೀಮೆಯ ಕೇಂದ್ರ. ಸುತ್ತಲ ಕಾಡಿನಲ್ಲಿ 23 ಬುಡಕಟ್ಟುಗಳು. ಪೋರ್ಚುಗೀಸ್ ಜತೆಗೆ ನ್ಯೆಂಗಾತು, ತುಕಾನೊ, ಬನಿವಾ ಭಾಷೆಗಳಿಗೂ ಅಲ್ಲಿನ ಪುರಸಭೆ 2002ರಲ್ಲೇ ಅಧಿಕೃತ ಸ್ಥಾನ ಕೊಟ್ಟಿದೆ. 2017ರಲ್ಲಿ ಈ ಬುಡಕಟ್ಟುಗಳ ಯುವಕ ಯುವತಿಯರು ಸೇರಿ ವಯೂರಿ ಎಂಬ ಸುದ್ದಿಜಾಲ ಕಟ್ಟಿದರು. ಅವರು ತಯಾರಿಸುವುದು ಧ್ವನಿ ಬುಲೆಟಿನ್. ಪಟ್ಟಣದಲ್ಲಿ ಎಫ್‌ಎಂ ರೇಡಿಯೊ, ನೆಟ್‌ವರ್ಕ್ ಇದ್ದಲ್ಲಿಗೆ ವಾಟ್ಸ್ಆ್ಯಪ್. ನೆಟ್‌ವರ್ಕೇ ಇಲ್ಲದ ಊರುಗಳಿಗೆ ದೋಣಿಯಲ್ಲಿ ಹೋಗುವವರ ಕೈಯಲ್ಲಿ ಪೆನ್‌ಡ್ರೈವ್. ಅಲ್ಲಿಂದ ಬ್ಲೂಟೂತ್‌ನಲ್ಲಿ ಒಂದು ಫೋನಿನಿಂದ ಇನ್ನೊಂದಕ್ಕೆ.

ಕೋವಿಡ್ ಬಂದಾಗ ಈ ಜಾಲದ ಬೆಲೆ ಗೊತ್ತಾಯಿತು. ರೋಗದ ಬಗ್ಗೆ, ಆಮೇಲೆ ಲಸಿಕೆಯ ಬಗ್ಗೆ, ಸುಳ್ಳುಗಳು ವಾಟ್ಸ್ಆ್ಯಪ್‌ನಲ್ಲಿ ನದಿಗಿಂತ ಬೇಗ ಹರಿಯುತ್ತಿದ್ದವು. ಅದಕ್ಕೆ ಉತ್ತರವನ್ನು ಸರ್ಕಾರದ ಪೋರ್ಚುಗೀಸಿನಲ್ಲಿ ಕೊಟ್ಟು ಪ್ರಯೋಜನವಿಲ್ಲ. ತನ್ನ ಮಾತಿನಲ್ಲಿ, ಗುರುತಿನ ದನಿಯಲ್ಲಿ ಬಂದರಷ್ಟೇ ಅಜ್ಜಿ ನಂಬುತ್ತಾಳೆ. 2020ರಲ್ಲಿ 'ಗಡಿಗಳಿಲ್ಲದ ವರದಿಗಾರರು' ಸಂಸ್ಥೆ ಸೋಂಕಿನ ಕಾಲದ ಮೂವತ್ತು 'ಸುದ್ದಿ ವೀರ'ರನ್ನು ಹೆಸರಿಸಿದಾಗ ಅದರಲ್ಲಿ ವಯೂರಿ ಜಾಲವೂ ಇತ್ತು. ಈ ಬುಲೆಟಿನ್ ಹೊರಗಿನವರನ್ನು ಮೆಚ್ಚಿಸಲು ಹೊರಟದ್ದಲ್ಲ. ಹೊರಗಿನವರಿಗೆ ಅದರ ಅರ್ಧ ಭಾಗ ಅರ್ಥವೂ ಆಗದು.

ಹೊರಗಿನವರಿಗೆ ಅರ್ಥವಾಗುವುದು ಬೇರೆ. ಮನೌಸ್ ನಗರದ ಬಳಿ ರಿಯೊ ನೆಗ್ರೊ ದಡದಲ್ಲಿ ವಾಸಿಸುವ ತತೂಯೊ ಬುಡಕಟ್ಟಿನ ಯುವತಿಯೊಬ್ಬಳು ಕುನ್ಯಾಪೊರಂಗ ಎಂಬ ಹೆಸರಿನಲ್ಲಿ ಟಿಕ್‌ಟಾಕ್ ವಿಡಿಯೊಗಳನ್ನು ಹಾಕತೊಡಗಿದಳು. ಮರದ ಹುಳು ತಿನ್ನುವ ವಿಡಿಯೊವನ್ನು ಕೋಟಿಗಟ್ಟಲೆ ಜನ ನೋಡಿದರು, ಹಿಂಬಾಲಕರ ಸಂಖ್ಯೆ 60 ಲಕ್ಷ ದಾಟಿತು. ಜನ ಬಂದದ್ದು ಹುಳ ತಿನ್ನುವುದನ್ನು ನೋಡಲು ಎಂಬುದು ನಿಜ. ಆದರೆ ಹುಳ ನೋಡಿ ಬೆರಗಾದವರಿಗೆ ಅದೇ ಹುಡುಗಿ ಮರಗೆಣಸಿನ ಅಡುಗೆ, ಮೈಬಣ್ಣ, ನುಡಿ ಎಲ್ಲವನ್ನೂ ನಗುನಗುತ್ತ ಹೇಳಿಕೊಡುತ್ತಾಳೆ. ಬುಡಕಟ್ಟು ಎಂದರೆ ಹಳೆಯ ಪಠ್ಯಪುಸ್ತಕದ ಚಿತ್ರ ಎಂದುಕೊಂಡಿದ್ದ ಬ್ರೆಜಿಲ್‌ನ ಶಾಲಾ ಮಕ್ಕಳಿಗೆ ಇದು ಸಣ್ಣ ಪಾಠವೇನಲ್ಲ.

ಕ್ಯಾಮೆರಾದ ಸಾಕ್ಷಿ ಕೋರ್ಟಿನಲ್ಲಿ ನಿಂತು ಗೆದ್ದ ಉದಾಹರಣೆಗೆ ಈಕ್ವೆಡಾರ್‌ಗೆ ಹೋಗಬೇಕು. ಅಲ್ಲಿನ ಸಿನಂಗೊಯೆ ಊರಿನ ಕೊಫಾನ್ ಜನ ತಮ್ಮದೇ ಗಸ್ತು ಪಡೆ ಮಾಡಿಕೊಂಡು, ಡ್ರೋನ್ ಮತ್ತು ಕಾಡಿನಲ್ಲಿ ಕಟ್ಟಿಟ್ಟ ಕ್ಯಾಮೆರಾಗಳಿಂದ, ಅಗ್ವಾರಿಕೊ ನದಿಯ ಬಳಿ ಚಿನ್ನದ ಗಣಿಯವರು ಯಂತ್ರ ಇಳಿಸಿದ್ದನ್ನು ದಾಖಲಿಸಿದರು. ಗಣಿಗೆ ಅನುಮತಿ ಕೊಡುವ ಮೊದಲು ತಮ್ಮನ್ನು ಕೇಳಲೇ ಇಲ್ಲವೆಂದು ದಾವೆ ಹೂಡಿದರು. 2018ರಲ್ಲಿ ನ್ಯಾಯಾಲಯ 52 ಗಣಿ ಗುತ್ತಿಗೆಗಳನ್ನು ರದ್ದು ಮಾಡಿತು, ಸುಮಾರು 32,000 ಹೆಕ್ಟೇರ್ ಕಾಡು ಉಳಿಯಿತು. ಮುಂದೆ ನಿಂತ ಅಲೆಕ್ಸಾಂಡ್ರಾ ನರ್ವಾಯೆಸ್ ಮತ್ತು ಅಲೆಕ್ಸ್ ಲುಸಿತಾಂತೆ ಇಬ್ಬರಿಗೂ 2022ರಲ್ಲಿ ಗೋಲ್ಡ್‌ಮನ್ ಪರಿಸರ ಪ್ರಶಸ್ತಿ ಬಂತು. ಅಲೆಕ್ಸಾಂಡ್ರಾ ಗಸ್ತು ಪಡೆ ಸೇರಿದ ಮೊದಲ ಹೆಂಗಸು.

ಯಂತ್ರಕ್ಕೆ ಪಕ್ಷವಿಲ್ಲ ಎಂಬುದನ್ನೂ ಹೇಳಬೇಕು. ಸ್ಟಾರ್‌ಲಿಂಕ್ ಉಪಗ್ರಹ ಇಂಟರ್‌ನೆಟ್ ಬಂದ ಮೇಲೆ ಯಾನೊಮಾಮಿ ಬುಡಕಟ್ಟಿನ ನೆಲದ ಅಕ್ರಮ ಚಿನ್ನದ ಗಣಿಗಳ ಮೇಲೆ 2023ರಲ್ಲಿ ದಾಳಿ ಮಾಡಿದ ಬ್ರೆಜಿಲ್ ಅಧಿಕಾರಿಗಳಿಗೆ ಅಲ್ಲೂ ಅದರ ಆಂಟೆನಾಗಳೇ ಸಿಕ್ಕವು. ದಾಳಿಯ ಸುದ್ದಿ ಗಣಿಯವರಿಗೆ ಮೊದಲೇ ಮುಟ್ಟಲು ಇನ್ನೇನು ಬೇಕು.

ಅದೇ ಸ್ಟಾರ್‌ಲಿಂಕ್ ಜಾವರಿ ಕಣಿವೆಯ ಮರೂಬೊ ಬುಡಕಟ್ಟಿಗೂ ಬಂತು. ಸುಮಾರು ಎರಡು ಸಾವಿರ ಜನ. ದಾನಿಯೊಬ್ಬರು ಕೊಟ್ಟ ಇಪ್ಪತ್ತು ಆಂಟೆನಾಗಳು. ಹಾವು ಕಚ್ಚಿದಾಗ ಹೆಲಿಕಾಪ್ಟರ್ ಕರೆಸುವುದು ಸುಲಭವಾಯಿತು. ಹುಡುಗರು ಫೋನಿಗೆ ಅಂಟಿಕೊಂಡದ್ದನ್ನು ಕಂಡು ಮುಖಂಡರು ಇಂಟರ್‌ನೆಟ್‌ಗೆ ವೇಳಾಪಟ್ಟಿ ಮಾಡಿದರು: ಬೆಳಿಗ್ಗೆ ಎರಡು ತಾಸು, ಸಂಜೆ ಐದು ತಾಸು, ಭಾನುವಾರ ಇಡೀ ದಿನ. 2024ರ ಜೂನ್‌ನಲ್ಲಿ ನ್ಯೂಯಾರ್ಕ್ ಟೈಮ್ಸ್ ಈ ಬಗ್ಗೆ ದೀರ್ಘ ವರದಿ ಪ್ರಕಟಿಸಿತು. ಅದರಲ್ಲಿ ಅಶ್ಲೀಲ ವಿಡಿಯೊಗಳ ಬಗ್ಗೆ ಹಿರಿಯರೊಬ್ಬರ ಆತಂಕವೂ ಒಂದೆಡೆ ಬಂದಿತ್ತು. ಜಗತ್ತಿನ ನೂರಾರು ಜಾಲತಾಣಗಳು ಅದೊಂದನ್ನೇ ಕಿತ್ತುಕೊಂಡು 'ಅಶ್ಲೀಲದ ಚಟಕ್ಕೆ ಬಿದ್ದ ಬುಡಕಟ್ಟು' ಎಂದು ತಲೆಬರಹ ಕೊಟ್ಟವು. ಮರೂಬೊ ಮುಖಂಡ ಎನೋಕೆ ಮರೂಬೊ ತಮ್ಮದೇ ವಿಡಿಯೊ ಹಾಕಿ ಇದು ಸುಳ್ಳು, ಅವಮಾನ ಎಂದರು. ಪತ್ರಿಕೆಯೂ ಕೆಲವೇ ದಿನಗಳಲ್ಲಿ ಮರೂಬೊ ಜನ ಅಂಥ ಚಟಕ್ಕೆ ಬಿದ್ದಿಲ್ಲವೆಂದು ಇನ್ನೊಂದು ವರದಿ ಬರೆಯಿತು. ಸಮುದಾಯಕ್ಕೆ ಅದರಿಂದ ಸಮಾಧಾನವಾಗಲಿಲ್ಲ. 2025ರ ಮೇ ತಿಂಗಳಲ್ಲಿ ಅವರು ಲಾಸ್ ಏಂಜಲಿಸ್ ನ್ಯಾಯಾಲಯದಲ್ಲಿ ಆ ಪತ್ರಿಕೆಯ ಜತೆಗೆ ಟಿಎಂಝಡ್, ಯಾಹೂ ಸಂಸ್ಥೆಗಳ ಮೇಲೂ ಮಾನನಷ್ಟ ದಾವೆ ಹೂಡಿ, ಕನಿಷ್ಠ 18 ಕೋಟಿ ಡಾಲರ್ ಪರಿಹಾರ ಕೇಳಿದರು. ತನ್ನ ವರದಿಯಲ್ಲಿ ಮಾನಹಾನಿಯ ಮಾತೇ ಇಲ್ಲವೆಂಬುದು ಪತ್ರಿಕೆಯ ವಾದ.